ಹಳೆಯ ಸ್ವರಲಿಪಿ ಪುಸ್ತಕ, ನೋಟುಬುಕ್ಕು, ಓಲೆಗರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಸ್ವರಲಿಪಿ ಎಲ್ಲಿದೆ ಅಂದರೆ ಅಲ್ಲಿಗೆ ಹೋಗುವುದು ನನಗೆ ಬಹಳ ವರ್ಷದಿಂದ ಅಂಟಿದ ಹುಚ್ಚು. ಅಚ್ಚಾದ ಪುಸ್ತಕ, ಕೈಬರಹದ ನೋಟುಬುಕ್ಕು, ಬಿಡಿ ಹಾಳೆ, ಏನಾದರೂ ಸರಿ. ಕಛೇರಿಯ ಮಧ್ಯೆ ಕಾಫಿಗೆ ನಿಂತಾಗ, ಮದುವೆ ಮನೆಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಜನ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅವರು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಶುರುವಿಗೆ

ಸ್ವರಲಿಪಿ ಅಂದ್ರೆ ಹಾಡು ಬರೆದಿಟ್ಟ ಪುಸ್ತಕ ತಾನೆ?

ಸಾಹಿತ್ಯ ಮಾತ್ರ ಇದ್ದರೆ ಅದು ಹಾಡಿನ ಪುಸ್ತಕ. ಸಾಹಿತ್ಯದ ಮೇಲೆ ಸ್ವರ, ನಡುನಡುವೆ ತಾಳದ ಗೀಟು ಇದ್ದರೆ ಅದು ಸ್ವರಲಿಪಿ. ಹಳಬರು ಸ್ವರದ ಭಾಗವನ್ನು ಧಾತು ಅನ್ನುತ್ತಿದ್ದರು, ಸಾಹಿತ್ಯವನ್ನು ಮಾತು ಅನ್ನುತ್ತಿದ್ದರು. ಸಂಗೀತದ ಪಾಠಕ್ಕೆ ಹೋದವರಿಗೆಲ್ಲ ಗೊತ್ತಿರುವ ಮಲಹರಿ ಗೀತೆಯನ್ನೇ ನೋಡಿ:

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||
ಶ್ರೀ – | ಗ ಣ ನಾ ಥ || ಸಿಂ ಧೂ | ರ ವ – ರ್ಣ ||

ರೂಪಕ ತಾಳ. ಎರಡು ಅಕ್ಷರ ಆದಮೇಲೆ ಒಂದು ಗೀಟು, ಇನ್ನು ನಾಲ್ಕು ಆದಮೇಲೆ ಎರಡು ಗೀಟು. ಅಲ್ಲಿಗೆ ಒಂದು ಆವರ್ತ ಮುಗಿಯಿತು. ಪುಸ್ತಕದಲ್ಲಿ ಇಲ್ಲಿನ ಸ ಸ ರಿ ರಿ ಸ ಐದಕ್ಕೂ ತಲೆಯ ಮೇಲೊಂದು ಚುಕ್ಕಿ ಇರುತ್ತದೆ. ಅದು ತಾರಸ್ಥಾಯಿ, ಅಂದರೆ ಮೇಲಿನ ಸ್ಥಾಯಿ. ಚುಕ್ಕಿ ಕೆಳಗಿದ್ದರೆ ಮಂದ್ರ, ಕೆಳಗಿನ ಸ್ಥಾಯಿ. ಅಲ್ಪವಿರಾಮ ಕಂಡರೆ ಒಂದು ಅಕ್ಷರ ನಿಲ್ಲಬೇಕು, ಅರ್ಧವಿರಾಮ ಕಂಡರೆ ಎರಡು. ಸ್ವರಗಳ ಮೇಲೆ ಒಂದು ಅಡ್ಡಗೆರೆ ಎಳೆದಿದ್ದರೆ ವೇಗ ಎರಡರಷ್ಟು, ಎರಡು ಗೆರೆ ಇದ್ದರೆ ನಾಲ್ಕರಷ್ಟು. ಇಷ್ಟೇ ವ್ಯಾಕರಣ. ಅರ್ಧ ಗಂಟೆಯಲ್ಲಿ ಕಲಿಯಬಹುದು. ಅದನ್ನು ನೋಡಿಕೊಂಡು ಹಾಡಾಗುವ ಹಾಗೆ ಹಾಡುವುದು ಮಾತ್ರ ಬೇರೆ ವಿಷಯ.

ನಮ್ಮದು ಕಿವಿಯಿಂದ ಕಿವಿಗೆ ಬಂದ ಸಂಗೀತ. ಬರೆದಿಡೋದನ್ನ ಬ್ರಿಟಿಷರಿಂದ ಕಲಿತ್ವಾ?

ಇಲ್ಲ. ತಮಿಳುನಾಡಿನ ಪುದುಕ್ಕೋಟೆ ಹತ್ತಿರ ಕುಡುಮಿಯಾನ್‌ಮಲೆ ಎಂಬ ಊರಿದೆ. ಅಲ್ಲಿ ಬಂಡೆಯ ಮೇಲೆ ಸಾವಿರ ವರ್ಷಕ್ಕೂ ಹಿಂದೆ ಸ್ವರಾಕ್ಷರಗಳನ್ನು ಸಾಲುಸಾಲಾಗಿ ಕೆತ್ತಿದ್ದಾರೆ. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ಸ್ವರ ಹಾಕಿದ ರಚನೆಗಳಿವೆ. 1609ರ ‘ರಾಗವಿಬೋಧ’ದಲ್ಲಿ ಸೋಮನಾಥ ವೀಣೆಯ ಮೀಟು, ಜಾರುಗಳಿಗೂ ಗುರುತು ಮಾಡಿಕೊಂಡಿದ್ದ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಮರಾಠ ದೊರೆಗಳ ಕಾಲದ ಗೀತ ಮತ್ತು ರಾಗ ಬೆಳೆಸುವ ಠಾಯಗಳ ಹಸ್ತಪ್ರತಿಗಳಿವೆ.

ಬ್ರಿಟಿಷರ ಕಾಲದಲ್ಲಿ ಬಂದದ್ದು ಅಚ್ಚಿನ ಮನೆ. ಅದರಿಂದ ಆದ ಬದಲಾವಣೆ ಸಣ್ಣದಲ್ಲ. ಅಲ್ಲಿಯವರೆಗೆ ಬರಹ ಅಂದರೆ ಪಾಠ ಆದಮೇಲೆ ಮರೆಯದಿರಲಿ ಅಂತ ಬರೆದುಕೊಂಡದ್ದು. ಅಚ್ಚಾದ ಮೇಲೆ ಗುರುವಿನ ಮುಖ ನೋಡದವರ ಕೈಗೂ ಅದು ಸಿಕ್ಕಿತು. ಹಾಗಾಗಿ ಬರೆಯುವವರು ಇನ್ನಷ್ಟು ಬಿಡಿಸಿ ಬರೆಯಬೇಕಾಯಿತು.

ಒಂದೇ ಒಂದು ಪುಸ್ತಕ ಹೇಳಿ ಅಂದ್ರೆ ಯಾವುದು ಹೇಳ್ತೀರಿ?

‘ಸಂಗೀತ ಸಂಪ್ರದಾಯ ಪ್ರದರ್ಶಿನಿ’. ಯೋಚನೆ ಮಾಡುವ ಅಗತ್ಯವೇ ಇಲ್ಲ.

ಬರೆದವರು ಸುಬ್ಬರಾಮ ದೀಕ್ಷಿತರು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಮಗಳ ಮಗ. ಅಜ್ಜನೇ ದತ್ತು ತೆಗೆದುಕೊಂಡು ಸಾಕಿದರು, ಪಾಠ ಹೇಳಿದರು. ದಕ್ಷಿಣ ತಮಿಳುನಾಡಿನ ಎಟ್ಟಯಪುರಂ ಸಂಸ್ಥಾನದಲ್ಲಿ ವಿದ್ವಾಂಸರಾಗಿದ್ದರು. ಮದರಾಸಿನ ಎ. ಎಂ. ಚಿನ್ನಸ್ವಾಮಿ ಮೊದಲಿಯಾರ್ ಎಂಬ ಸಂಗೀತಪ್ರೇಮಿ ಅವರ ಬೆನ್ನು ಹತ್ತಿದರು. ಮನೆತನದಲ್ಲಿ ಉಳಿದಿರುವುದನ್ನೆಲ್ಲ ಬರೆದುಕೊಡಿ, ಇಲ್ಲದಿದ್ದರೆ ನಿಮ್ಮ ಜೊತೆಗೇ ಹೋಗಿಬಿಡುತ್ತದೆ ಎಂಬುದು ಅವರ ಆತಂಕ. ಸಂಸ್ಥಾನದ ದೊರೆಯೂ ಒತ್ತಾಯ ಮಾಡಿದರು, ಅಚ್ಚಿಗೆ ದುಡ್ಡು ಕೊಟ್ಟರು. 1904ರಲ್ಲಿ ಎಟ್ಟಯಪುರದಲ್ಲೇ, ತೆಲುಗು ಲಿಪಿಯಲ್ಲಿ ಪುಸ್ತಕ ಹೊರಬಂತು. ಮೊದಲಿಯಾರ್ ಅದನ್ನು ನೋಡಲಿಲ್ಲ. ಅಷ್ಟರಲ್ಲೇ ತೀರಿಕೊಂಡಿದ್ದರು. 1906ರಲ್ಲಿ ದೀಕ್ಷಿತರೂ ಹೋದರು. ಎರಡು ವರ್ಷ ತಡವಾಗಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆಯೊಳಗೆ ಕಸಿವಿಸಿ ಆಗುತ್ತದೆ.

1,700 ಪುಟದ ಆಸುಪಾಸಿನ ಪುಸ್ತಕ. ಅದರಲ್ಲಿ ಮುತ್ತುಸ್ವಾಮಿ ದೀಕ್ಷಿತರ 229 ಕೃತಿಗಳು ಸ್ವರ, ಗಮಕದ (ಸ್ವರವನ್ನು ತೂಗುವ, ಜಾರಿಸುವ ಬಗೆ) ಗುರುತು ಸಮೇತ ಇವೆ. ಜೊತೆಗೆ ಹಳೆಯ ಗೀತ, ತಾನ, ವರ್ಣಗಳಿವೆ. ಪ್ರತಿ ರಾಗಕ್ಕೂ ಲಕ್ಷಣ ಕೊಟ್ಟು, ಕೊನೆಗೆ ರಾಗದ ನಡೆ ತೋರಿಸುವ ಒಂದು ಸಂಚಾರಿಯನ್ನು ತಾವೇ ಕಟ್ಟಿ ಸೇರಿಸಿದ್ದಾರೆ. ವಾಗ್ಗೇಯಕಾರರ, ಅಂದರೆ ಮಾತು–ಧಾತು ಎರಡನ್ನೂ ಕಟ್ಟಿದವರ, ಚರಿತ್ರೆಯೂ ಇದೆ. ಎಷ್ಟೋ ರಾಗಗಳ ಬಗ್ಗೆ ಇವತ್ತು ಜಗಳ ಆದರೆ ಎರಡೂ ಕಡೆಯವರು ಇದೇ ಪುಸ್ತಕದ ಪುಟ ತೋರಿಸುತ್ತಾರೆ.

ಅದು ತೆಲುಗಲ್ಲಿದೆ ಅಂತೀರಿ. ನನಗೆ ತೆಲುಗು ಓದೋಕೆ ಬರಲ್ಲವಲ್ಲ?

ಕನ್ನಡ ಓದುವವರಿಗೆ ಇದೊಂದು ಕಷ್ಟವೇ ಅಲ್ಲ. ಎರಡೂ ಲಿಪಿ ಅಕ್ಕತಂಗಿಯರು. ತಲೆಕಟ್ಟು ಬೇರೆ ಥರ, ಕ ಮತ್ತು ತ ಅಕ್ಷರ ಮೊದಲ ಎರಡು ದಿನ ಮುಗ್ಗರಿಸುವಂತೆ ಮಾಡುತ್ತವೆ. ಸ್ವರಗಳು ಏಳೇ ಏಳು ತಾನೆ. ಒಂದು ವಾರ ದಿನಕ್ಕೆ ಒಂದು ಪುಟ ಓದಿ, ಆಮೇಲೆ ನೀವೇ ನಗುತ್ತೀರಿ. ಮದರಾಸಿನ ಮ್ಯೂಸಿಕ್ ಅಕಾಡೆಮಿ ತಮಿಳು ಲಿಪಿಯಲ್ಲಿ ಸಂಪುಟಗಳನ್ನು ತಂದಿದೆ. ಇಂಗ್ಲಿಷಿನಲ್ಲೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಮೂಲವನ್ನೇ ಓದಿ ಅನ್ನುತ್ತೇನೆ, ನಮಗೆ ಅಷ್ಟು ಹತ್ತಿರ ಇರುವಾಗ.

ಪುರಂದರದಾಸರು ಹಾಡಿದ ಮೂಲ ಧಾಟಿ ಎಲ್ಲಾದ್ರೂ ಬರೆದಿಟ್ಟಿದ್ದಾರಾ?

ಈ ಪ್ರಶ್ನೆಗೆ ಇಲ್ಲ ಅನ್ನುವಾಗೆಲ್ಲ ಬೇಜಾರಾಗುತ್ತದೆ. ದಾಸರ ಪದಗಳ ಓಲೆಕಟ್ಟುಗಳು ಬೇಕಾದಷ್ಟಿವೆ. ಅವುಗಳಲ್ಲಿ ಇರುವುದು ಸಾಹಿತ್ಯ. ಮೇಲೆ ರಾಗ, ತಾಳದ ಹೆಸರು ಇದ್ದರೆ ಇತ್ತು. ಒಂದೇ ಪದಕ್ಕೆ ಒಂದು ಕಟ್ಟಿನಲ್ಲಿ ಒಂದು ರಾಗ, ಇನ್ನೊಂದರಲ್ಲಿ ಇನ್ನೊಂದು. ಮಾತು ಉಳಿದಿದೆ, ಧಾತು ಹೋಗಿದೆ.

ಇವತ್ತು ನಾವು ಕೇಳುವ ಧಾಟಿಗಳಲ್ಲಿ ಬಹುಪಾಲು ಆಮೇಲಿನ ಗಾಯಕರು ಕೂರಿಸಿದ್ದು. ‘ಜಗದೋದ್ಧಾರನ’ ಅಂದಕೂಡಲೇ ಕಾಪಿ ರಾಗ ನೆನಪಾಗುವುದಕ್ಕೆ ಬಿ. ಎಸ್. ರಾಜ ಅಯ್ಯಂಗಾರ್ ಅವರ ಗ್ರಾಮಫೋನ್ ಪ್ಲೇಟು ದೊಡ್ಡ ಕಾರಣ. ಅದರಲ್ಲಿ ತಪ್ಪೇನಿಲ್ಲ. ಆದರೆ ಯಾರಾದರೂ ‘ದಾಸರ ಮೂಲ ಸ್ವರಲಿಪಿ’ ಅಂತ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ.

## ಓದುವಾಗ

ಪುಸ್ತಕದಲ್ಲಿರೋದು ಒಂದು, ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದು ಇನ್ನೊಂದು. ಯಾವುದು ಸರಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರ ಮುಖದಲ್ಲಿ ಒಂದೋ ಗಾಬರಿ, ಇಲ್ಲವೋ ಮೇಷ್ಟ್ರನ್ನು ಹಿಡಿದುಬಿಟ್ಟೆ ಅನ್ನುವ ಸಣ್ಣ ಖುಷಿ!

ಸರಿ–ತಪ್ಪು ಅಂತ ಹೊರಟರೆ ದಾರಿ ತಪ್ಪುತ್ತದೆ. ನಮ್ಮಲ್ಲಿ ಪಾಠಾಂತರ ಅಂತ ಒಂದು ಮಾತಿದೆ, ಒಂದೇ ಕೃತಿ ಒಬ್ಬೊಬ್ಬರ ಕಡೆ ಒಂದೊಂದು ಥರ ಬಂದಿರುವುದು. ತ್ಯಾಗರಾಜರ ಶಿಷ್ಯರನ್ನೇ ನೋಡಿ. ವಾಲಾಜಪೇಟೆ, ಉಮಯಾಳಪುರಂ, ತಿಲ್ಲೈಸ್ಥಾನ ಅಂತ ಮೂರು ಕವಲು. ಮೂರು ಕಡೆಯವರೂ ಒಬ್ಬರೇ ಗುರುವಿನ ಪರಂಪರೆ. ಮೂರು ಕಡೆಯೂ ಒಂದೇ ಕೃತಿಯ ಸಂಗತಿಗಳು, ಅಂದರೆ ಒಂದು ಸಾಲನ್ನು ಬದಲಿಸಿ ಬದಲಿಸಿ ಹಾಡುವ ಬಗೆಗಳು, ಬೇರೆ ಬೇರೆ. ವಾಲಾಜಪೇಟೆ ವೆಂಕಟರಮಣ ಭಾಗವತರ ಮನೆತನದ ಹಸ್ತಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಯಲ್ಲಿವೆ. ಅವರು ತ್ಯಾಗರಾಜರ ನೇರ ಶಿಷ್ಯರು, ಹಾಗಾಗಿ ಆ ಬರಹಕ್ಕೆ ತೂಕ ಜಾಸ್ತಿ. ಹಾಗಂತ ಉಳಿದ ಎರಡು ಕಡೆಯವರು ಸುಳ್ಳು ಹಾಡಿದರು ಅಂತ ಅಲ್ಲ. ಗುರುವೇ ವಯಸ್ಸಾಗುತ್ತಾ ಸಂಗತಿ ಬದಲಾಯಿಸಿರಬಹುದು. ಒಬ್ಬೊಬ್ಬ ಶಿಷ್ಯನ ಕಂಠ ನೋಡಿ ಒಂದೊಂದು ಥರ ಹೇಳಿಕೊಟ್ಟಿರಬಹುದು.

ನಾನು ಹಳೆಯ ಬರಹವನ್ನು ಸಾಕ್ಷಿಯ ಹಾಗೆ ನೋಡುತ್ತೇನೆ, ಜಡ್ಜ್ ಸಾಹೇಬರ ಹಾಗೆ ಅಲ್ಲ. ಇಂಥವರು, ಇಂಥ ಕಾಲದಲ್ಲಿ, ಹೀಗೆ ಹಾಡುತ್ತಿದ್ದರು ಅಂತ ಅದು ಹೇಳುತ್ತದೆ. ಬೇರೆಯವರು ಹಾಗೆ ಹಾಡುತ್ತಿರಲಿಲ್ಲ ಅಂತ ಹೇಳುವುದಿಲ್ಲ. ಎಲ್ಲ ಪಾಠಾಂತರಗಳೂ ಹಳೆಯ ಬರಹದ ಜೊತೆ ಕೂಡುವ ಜಾಗ ಒಂದಿರುತ್ತದೆ, ಅಲ್ಲಿ ಕೃತಿಯ ಬೆನ್ನುಮೂಳೆ ಸಿಗುತ್ತದೆ. ಹುಡುಕುವ ಮಜ ಇರುವುದೇ ಅಲ್ಲಿ. ಮತ್ತೆ, ದಯವಿಟ್ಟು ಪುಸ್ತಕ ಹಿಡಿದು ಪಾಠದ ಮಧ್ಯೆ ಮೇಷ್ಟ್ರಿಗೆ ತೋರಿಸಬೇಡಿ. ಪಾಠ ಮುಗಿದ ಮೇಲೆ ಕೇಳಿ, ಇನ್ನೊಂದು ಲೋಟ ಕಾಫಿ ಸಿಗುತ್ತದೆ.

ಹಳೇ ಪುಸ್ತಕದಲ್ಲಿ ಖರಹರಪ್ರಿಯ ಹುಡುಕಿದ್ರೆ ಇಲ್ಲವೇ ಇಲ್ಲ. ಅಚ್ಚಿನ ತಪ್ಪಾ?

ತಪ್ಪಲ್ಲ, ಹೆಸರಿನ ಪಟ್ಟಿಯೇ ಬೇರೆ. ರಾಗಗಳಿಗೆ ಮೂಲವಾದ 72 ಮೇಳಗಳಿಗೆ ಎರಡು ಪದ್ಧತಿಯ ಹೆಸರುಗಳಿವೆ. ನಾವು ಶಾಲೆ, ಪರೀಕ್ಷೆಗೆ ಕಲಿಯುವುದು ಒಂದು. ದೀಕ್ಷಿತರ ಮನೆತನ ಇಟ್ಟುಕೊಂಡದ್ದು ಸಂಗೀತಶಾಸ್ತ್ರಕಾರ ವೆಂಕಟಮಖಿಯ ಪರಂಪರೆಯ ಇನ್ನೊಂದು. ಅದರಲ್ಲಿ 22ನೇ ಮೇಳ ಶ್ರೀರಾಗ, ನೀವು ಹುಡುಕಿದ ಖರಹರಪ್ರಿಯದ ಜಾಗ. 20ನೆಯದು ನಾರೀರೀತಿಗೌಳ, ನಾವು ನಠಭೈರವಿ ಅನ್ನುತ್ತೇವೆ. 56ನೆಯದು ಚಾಮರ, ಅಂದರೆ ನಮ್ಮ ಷಣ್ಮುಖಪ್ರಿಯ. 65 ಶಾಂತಕಲ್ಯಾಣಿ, ಅಂದರೆ ಮೇಚಕಲ್ಯಾಣಿ. ಹೆಸರು ಹುಡುಕಬೇಡಿ, ಮೇಳದ ಸಂಖ್ಯೆ ಹುಡುಕಿ.

ಆದರೆ ಹೆಸರು ಬದಲಾಯಿತು ಅಷ್ಟೇ, ರಾಗ ಒಂದೇ ಅಂದುಕೊಂಡರೂ ಎಡವುತ್ತೀರಿ. ಆ ಪದ್ಧತಿಯಲ್ಲಿ ಮೇಳರಾಗಕ್ಕೆ ಆರೋಹಣ–ಅವರೋಹಣ ಎರಡರಲ್ಲೂ ಏಳು ಸ್ವರ ಸರಸರ ಬರಲೇಬೇಕು ಅಂತಿಲ್ಲ. ಶ್ರೀರಾಗವನ್ನು ಖರಹರಪ್ರಿಯದ ಹಾಗೆ ಹಾಡಿದರೆ ಅದು ಶ್ರೀರಾಗ ಅಲ್ಲ ತಾನೆ? ‘ಮೀನಾಕ್ಷಿ ಮೇ ಮುದಂ’ ಕೃತಿಗೆ ಅಲ್ಲಿ ಗಮಕಕ್ರಿಯ ಅಂತಿದೆ. ಇವತ್ತು ಕಛೇರಿಯಲ್ಲಿ ಪೂರ್ವಿಕಲ್ಯಾಣಿ ಅಂತ ಹೇಳಿ ಹಾಡುತ್ತಾರೆ.

ಅಂದಹಾಗೆ ವೆಂಕಟಮಖಿಯ ತಂದೆ, ತಂಜಾವೂರಿನ ನಾಯಕ ದೊರೆಗಳ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡಿಗರು. ನಮ್ಮವರು ಮನೆಯಲ್ಲೇ ಶುರು ಮಾಡಿದ ಜಗಳ ಅನ್ನಬಹುದು.

ಸ್ವರದ ಮೇಲೆ ಹುಳ ಹರಿದ ಹಾಗೆ ಏನೇನೋ ಗುರುತು ಇದೆ. ಅದನ್ನ ಬಿಟ್ಟು ಓದಬಹುದಾ?

ಬಿಟ್ಟರೆ ಎಲುಬು ಮಾತ್ರ ಸಿಗುತ್ತದೆ. ಅವು ಗಮಕದ ಗುರುತುಗಳು. ಅಲೆಯ ಹಾಗಿದ್ದರೆ ಕಂಪಿತ, ಸ್ವರವನ್ನು ತೂಗಬೇಕು. ಓರೆ ಗೆರೆ ಮೇಲಕ್ಕೆ ಹತ್ತಿದರೆ ಏರು ಜಾರು, ಕೆಳಗಿಳಿದರೆ ಇಳಿ ಜಾರು. ಮೂರು ಚುಕ್ಕಿಯ ತ್ರಿಕೋನ ಇದ್ದರೆ ಸ್ಫುರಿತ, ಅಂದರೆ ‘ಸ ಸ ರಿ ರಿ’ ಅಂತ ಜೋಡಿಯಾಗಿ ಹಾಡುವ ಜಂಟಿ ವರಸೆಯಲ್ಲಿ ಎರಡನೇ ಸ್ವರಕ್ಕೆ ಕೊಡುತ್ತೀವಲ್ಲ, ಆ ಒತ್ತು. ನೊಕ್ಕು, ರವೆ, ಖಂಡಿಪ್ಪು, ವಳಿ, ಒದುಕ್ಕಲ್, ಒರಿಕೈ ಅಂತ ಇನ್ನೂ ಇವೆ. ಇವುಗಳಲ್ಲಿ ಕೆಲವು ವೀಣೆಯ ಬೆರಳಿನ ಭಾಷೆ. ದೀಕ್ಷಿತರ ಮನೆತನ ವೈಣಿಕರದ್ದು.

ನನಗೆ ವೀಣೆ ಬರುವುದಿಲ್ಲ. ಒದುಕ್ಕಲ್ ಅಂದರೇನು ಅಂತ ನಾಲ್ಕು ಪುಸ್ತಕ ಓದಿದರೂ ತಲೆಗೆ ಹೋಗಿರಲಿಲ್ಲ. ಒಬ್ಬರು ವೈಣಿಕರು ತಂತಿಯನ್ನು ಒಂದು ಮೆಟ್ಟಿಲಿನ ಮೇಲೆ ಇಟ್ಟು, ಪಕ್ಕಕ್ಕೆ ಎಳೆದು, ಮೇಲಿನ ಸ್ವರ ಅದೇ ಜಾಗದಲ್ಲಿ ನುಡಿಸಿ ತೋರಿಸಿದರು. ಎರಡು ಸೆಕೆಂಡಿನ ಕೆಲಸ. ಹಾಗಾಗಿ ಪುಸ್ತಕ ತೆರೆದಾಗ ಪಕ್ಕದಲ್ಲಿ ಹಾಡುವವರೋ ನುಡಿಸುವವರೋ ಒಬ್ಬರಿರಲಿ.

ಸ್ಟಾಫ್ ನೊಟೇಷನ್ನಲ್ಲೇ ಬರೆದಿಟ್ಟಿದ್ರೆ ಪ್ರಪಂಚಕ್ಕೆಲ್ಲ ಅರ್ಥ ಆಗ್ತಿತ್ತಲ್ವಾ?

ಅದನ್ನೂ ಮಾಡಿ ನೋಡಿದ್ದಾರೆ. ಮೇಲೆ ಹೇಳಿದ ಚಿನ್ನಸ್ವಾಮಿ ಮೊದಲಿಯಾರ್ ಅವರೇ 1893ರಲ್ಲಿ ನಮ್ಮ ಕೃತಿಗಳನ್ನು ಐದು ಗೆರೆಯ ಪಾಶ್ಚಾತ್ಯ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಅದಕ್ಕಾಗಿ ಆಸ್ತಿ ಕರಗಿಸಿದರು. ಪುಸ್ತಕ ಇವತ್ತು ಪಂಡಿತರಿಗೆ ಬೇಕು, ಹಾಡುವವರಿಗೆ ಬೇಡ.

ಕಾರಣ ಸುಲಭ. ಆ ಲಿಪಿ ಒಂದು ಮೆಟ್ಟಿಲಿನಿಂದ ಇನ್ನೊಂದು ಮೆಟ್ಟಿಲಿಗೆ ಹೋಗುವ ಸಂಗೀತಕ್ಕೆ ಹೊಂದುತ್ತದೆ. ನಮ್ಮದರಲ್ಲಿ ಮೆಟ್ಟಿಲುಗಳ ನಡುವೆಯೇ ಅರ್ಧ ಕೆಲಸ. ತೋಡಿ ರಾಗದ ತೂಗಾಡುವ ಗಾಂಧಾರವನ್ನು ಒಂದು ಗುಂಡು ಚುಕ್ಕಿ ಇಟ್ಟು ತೋರಿಸಿ ನೋಡೋಣ! ಮತ್ತೆ ನಮ್ಮ ಷಡ್ಜ, ಅಂದರೆ ಸ, ಹಾಡುವವರ ಶ್ರುತಿಗೆ ತಕ್ಕ ಹಾಗೆ ಎಲ್ಲಿ ಬೇಕಾದರೂ ಕೂರುತ್ತದೆ. ಸ ರಿ ಗ ಮ ಬರೆದರೆ ಅದಕ್ಕೆ ತೊಂದರೆಯೇ ಇಲ್ಲ.

ಧಾರವಾಡದ ಕಡೆಯವರು ನಾವು, ಹಿಂದೂಸ್ತಾನಿ ಕಲಿತವರು. ಇದೆಲ್ಲ ನಮಗೆ ಅನ್ವಯಿಸುತ್ತಾ?

ಗುರುತು ಬೇರೆ, ಕಥೆ ಅದೇ. ವಿಷ್ಣು ನಾರಾಯಣ ಭಾತಖಂಡೆ (1860–1936) ಉಸ್ತಾದರಿಂದ ಬಂದಿಶ್‌ಗಳನ್ನು ಕೇಳಿ ಬರೆದುಕೊಂಡು ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗ ಮಾಡಿದರು. ಕೋಮಲ ಸ್ವರಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೆ ನೆಟ್ಟಗಿನ ಗೀಟು. ಪಲುಸ್ಕರ್ ಅವರದ್ದು ಇನ್ನೊಂದು ಪದ್ಧತಿ. ನಿಮ್ಮ ಕಡೆ ಮನೆಗಳಲ್ಲಿ ಇರುವ ಹಳೆಯ ವಹಿಗಳಲ್ಲಿ ಎರಡೂ ಕಲಸಿರುತ್ತವೆ. ಯಾವುದು ಯಾವುದು ಅಂತ ಮೊದಲು ನೋಡಿಕೊಳ್ಳಿ.

## ಮನೆಯಲ್ಲಿರುವ ಹಳೇ ಗಂಟು

ಅಜ್ಜಿ ಬರೆದ ಸಂಗೀತದ ನೋಟುಬುಕ್ಕು ಇದೆ. ಸುಮ್ನೆ ಪಾಠದ ಪುಸ್ತಕ, ಅದರಲ್ಲೇನಿದೆ?

ದೊಡ್ಡ ವಿದ್ವಾಂಸರ ಪಾಠಾಂತರ ಹೇಗೋ ಅಚ್ಚಾಗುತ್ತದೆ. ಅಜ್ಜಿಗೆ ಪಾಠ ಹೇಳಿದ, ಹೆಸರಿಲ್ಲದ ಮೇಷ್ಟ್ರ ಪಾಠಾಂತರ ಇರುವುದು ಆ ನೋಟುಬುಕ್ಕಿನಲ್ಲಿ ಮಾತ್ರ. ಮದುವೆಯ ಹಸೆಯ ಹಾಡು, ಆರತಿ ಹಾಡಿಗೆ ಸ್ವರ ಹಾಕಿದ್ದನ್ನು ಕಂಡಿದ್ದೇನೆ. ಯಾವ ಅಚ್ಚಿನ ಪುಸ್ತಕದಲ್ಲೂ ಅದು ಇಲ್ಲ. ಒಂದು ಪುಸ್ತಕದ ಕೊನೇ ಪುಟದಲ್ಲಿ ಹಾಲಿನ ಲೆಕ್ಕ, ಅದರ ಪಕ್ಕದಲ್ಲೇ ಬೇಗಡೆ ವರ್ಣದ ಚಿಟ್ಟೆಸ್ವರ. ರದ್ದಿಗೆ ಹಾಕುವ ಮೊದಲು ಒಂದು ಸಲ ಯಾರಿಗಾದರೂ ತೋರಿಸಿ. ಹೆಸರು, ಊರು, ಯಾರ ಹತ್ತಿರ ಕಲಿತರು ಅಂತ ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಕೇಳಿಸಿಕೊಳ್ಳಬೇಕಾದವರು ಇವತ್ತಿದ್ದಾರೆ.

ಮೊಬೈಲಲ್ಲಿ ಫೋಟೋ ತೆಗೆದ್ರೆ ಸಾಕಾ?

ಸರಿಯಾಗಿ ತೆಗೆದರೆ ಸಾಕು. ಕಿಟಕಿ ಪಕ್ಕದ ಹಗಲು ಬೆಳಕು, ಫ್ಲ್ಯಾಷ್ ಬೇಡ. ಫೋನು ಪುಟಕ್ಕೆ ನೇರವಾಗಿರಲಿ. ರಟ್ಟು, ಖಾಲಿ ಪುಟ, ಮಧ್ಯೆ ಸಿಕ್ಕಿದ ಚೀಟಿ ಎಲ್ಲವನ್ನೂ ಇದ್ದ ಕ್ರಮದಲ್ಲೇ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಕನಿಷ್ಠ 300 ಡಿಪಿಐ, ಬಣ್ಣದಲ್ಲಿ.

ಒಂದು ವಿಷಯ ಮಾತ್ರ ಕೈ ಮುಗಿದು ಕೇಳುತ್ತೇನೆ. ಪುಟವನ್ನು ತಾನೇ ಬೆಳ್ಳಗೆ ಮಾಡಿ, ಅಕ್ಷರ ಕಪ್ಪಗೆ ಮಾಡಿ ಕೊಡುವ ಆ್ಯಪ್‌ಗಳಿವೆಯಲ್ಲ, ಅವು ಬೇಡ. ಅವು ಧೂಳು ಅಂತ ತಿಳಿದು ಚುಕ್ಕಿಯನ್ನು ಒರೆಸಿಬಿಡುತ್ತವೆ. ಬೇರೆ ಪುಸ್ತಕಕ್ಕೆ ಒಂದು ಚುಕ್ಕಿ ಹೋದರೆ ನಷ್ಟವಿಲ್ಲ. ಇಲ್ಲಿ ಚುಕ್ಕಿ ಹೋದರೆ ‘ಶ್ರೀ ಗಣನಾಥ’ದ ತಾರಷಡ್ಜ ಧೊಪ್ಪನೆ ಒಂದು ಸ್ಥಾಯಿ ಕೆಳಗೆ ಬೀಳುತ್ತದೆ. ಹಳೆಯ ಜೆರಾಕ್ಸ್‌ಗಳಲ್ಲಿ ಉಲ್ಟಾ ಕಾಟ. ಯಂತ್ರದ ಗಾಜಿನ ಮೇಲಿನ ಧೂಳೂ ಸ್ಥಾಯಿಯ ಚುಕ್ಕಿಯಾಗಿ ಕೂತಿರುತ್ತದೆ.

ಪುಟ ಹಪ್ಪಳದ ಥರ ಮುರೀತಿದೆ. ಲ್ಯಾಮಿನೇಟ್ ಮಾಡಿಸಲಾ? ಬೈಂಡ್ ಮಾಡಿಸಲಾ?

ಎರಡೂ ಬೇಡ. ಸೆಲೋಟೇಪ್ ಕೂಡ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರ ನುಂಗುತ್ತದೆ. ನೂರು ವರ್ಷದ ಆಸುಪಾಸಿನ ಅಚ್ಚಿನ ಕಾಗದ ಬಹಳಷ್ಟು ಮರದ ತಿರುಳಿನದು. ಅದರೊಳಗಿನ ಆಮ್ಲವೇ ಅದನ್ನು ಸುಡುತ್ತದೆ. ಲ್ಯಾಮಿನೇಟ್ ಮಾಡಿದರೆ ಆಮ್ಲ ಒಳಗೇ ಉಳಿಯುತ್ತದೆ, ಬಿಸಿ ಬೇರೆ ತಾಗಿರುತ್ತದೆ, ಮತ್ತೆ ಬಿಡಿಸಲಿಕ್ಕೂ ಆಗುವುದಿಲ್ಲ.

ಬೈಂಡಿಂಗ್ ಬಗ್ಗೆ ನನ್ನದೇ ಕಥೆ ಕೇಳಿ. ಗುರುಗಳ ಮನೆಯಿಂದ ಬಂದ ಒಂದು ಪುಸ್ತಕ, ಹೊಲಿಗೆ ಬಿಟ್ಟಿತ್ತು. ಚೆನ್ನಾಗಿ ಕಾಣಲಿ ಅಂತ ಒಂದು ಅಂಗಡಿಗೆ ಕೊಟ್ಟೆ. ಮೂರು ದಿನದ ಮೇಲೆ ಹೋದರೆ ಕೆಂಪು ರಟ್ಟು, ಹೊಳೆಯುವ ಅಕ್ಷರ, ಮೂರೂ ಅಂಚು ನೀಟಾಗಿ ಕತ್ತರಿಸಿದ್ದರು. ಗುರುಗಳು ಪೆನ್ಸಿಲಿನಲ್ಲಿ ಬರೆದ ಸಂಗತಿಗಳೆಲ್ಲ ಆ ಅಂಚಿನಲ್ಲಿದ್ದವು. ಕತ್ತರಿಸಿದ ಚೂರು ಎಲ್ಲಿ ಅಂತ ಕೇಳಿದೆ. ಬೆಳಿಗ್ಗೆಯೇ ಗುಡಿಸಿ ಹಾಕಿದ್ದರು. ಅಂಗಡಿಯವರ ತಪ್ಪಲ್ಲ, ಅಂಚು ಕತ್ತರಿಸುವುದೇ ಅವರ ಕೆಲಸ. ಬೇಡ ಅಂತ ನಾನು ಹೇಳಬೇಕಿತ್ತು.

ಮೊದಲು ಫೋಟೋ. ಆಮೇಲೆ ಶುದ್ಧ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲ ಮತ್ತು ಗೋಡೆಯಿಂದ ದೂರ, ಗಾಳಿಯಾಡುವ ಕಡೆ ಇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಗೆದ್ದಲು ಹೇಳಿ ಬರುವುದಿಲ್ಲ.

ಅಟ್ಟದಲ್ಲಿ ಓಲೆಗರಿ ಸಿಕ್ಕಿದೆ. ಎಣ್ಣೆ ಹಚ್ಚಿ ಇಡಬೇಕಂತೆ, ಕೊಬ್ಬರಿ ಎಣ್ಣೆ ಆಗುತ್ತಾ?

ಅಡುಗೆ ಮನೆಯ ಯಾವ ಎಣ್ಣೆಯೂ ಆಗುವುದಿಲ್ಲ. ಧೂಳು ಹಿಡಿದು ಅಂಟಾಗಿ ಗರಿ ಗರಿಗೆ ಕಚ್ಚಿಕೊಳ್ಳುತ್ತದೆ. ಗ್ರಂಥಾಲಯದವರು ಬಳಸುವುದು ಮಜ್ಜಿಗೆ ಹುಲ್ಲಿನ ಎಣ್ಣೆಯಂಥದ್ದು, ಅದೂ ಒರೆಸಿ ಶುಚಿ ಮಾಡಿದ ಮೇಲೆ. ಗರಿಯ ಮೇಲೆ ಕಂಟದಿಂದ, ಅಂದರೆ ಮೊನಚು ಕಡ್ಡಿಯಿಂದ, ಕೊರೆದು ಬರೆದಿರುತ್ತಾರೆ. ಮಸಿ ಹೋಗಿದ್ದರೆ ಅಕ್ಷರ ಕಾಣುವುದೇ ಇಲ್ಲ, ಖಾಲಿ ಗರಿ ಅಂತ ಎಸೆದವರೂ ಇದ್ದಾರೆ. ದೀಪದ ಮಸಿ ಸವರಿ ಒರೆಸಿದರೆ ಎದ್ದು ಕಾಣುತ್ತದೆ, ಆದರೆ ಅದನ್ನು ಬಲ್ಲವರು ಮಾಡಲಿ. ಅಂಟಿದ ಗರಿಗಳನ್ನು ಎಳೆದು ಬಿಡಿಸಬೇಡಿ, ದಾರ ಕತ್ತರಿಸಬೇಡಿ.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಈ ಕೆಲಸದಲ್ಲಿದೆ. ‘ಅರ್ಥಶಾಸ್ತ್ರ’ದ ಓಲೆ ಬೆಳಕಿಗೆ ಬಂದದ್ದು ಅಲ್ಲಿಯೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗ ಇದೆ. ಕೊಟ್ಟೇಬಿಡಬೇಕು ಅಂತಿಲ್ಲ, ಮೊದಲು ತೋರಿಸಿ ಕೇಳಿ. ಸ್ವರ ಇರುವ ಓಲೆ ಅಪರೂಪ. ನಿಮ್ಮದು ಪಂಚಾಂಗವೋ ವೈದ್ಯವೋ ಆಗಿರುವ ಸಂಭವವೇ ಜಾಸ್ತಿ. ಅದಕ್ಕೂ ಬೆಲೆ ಇದೆ.

## ಇನ್ನೂ ಸ್ವಲ್ಪ ಒಳಗೆ

ಹಳೇ ಸ್ವರಲಿಪಿ ಅಂತರ್ಜಾಲಕ್ಕೆ ಹಾಕಿದ್ರೆ ಕಾಪಿರೈಟ್ ಕೇಸ್ ಬೀಳುತ್ತಾ?

ಲೆಕ್ಕ ಹಾಕಬೇಕು. ನಮ್ಮ 1957ರ ಕಾಯ್ದೆ ಪ್ರಕಾರ ಕರ್ತೃ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಬರೆದಿಟ್ಟ ಸ್ವರಲಿಪಿಯೂ ‘ಸಂಗೀತ ಕೃತಿ’ಯಲ್ಲೇ ಸೇರುತ್ತದೆ. ಸುಬ್ಬರಾಮ ದೀಕ್ಷಿತರದ್ದು ಎಂದೋ ಮುಗಿದಿದೆ. ವಾಗ್ಗೇಯಕಾರ ಮುತ್ತಯ್ಯ ಭಾಗವತರು 1945ರಲ್ಲಿ ತೀರಿಕೊಂಡರು, 2005ಕ್ಕೆ ಮುಗಿಯಿತು. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ, ಹಾಗಾಗಿ 2022ರ ಜನವರಿಯಿಂದ ಅವರು ಬದುಕಿದ್ದಾಗ ಪ್ರಕಟಿಸಿದ್ದು ಎಲ್ಲರದ್ದು. ಜಯಚಾಮರಾಜ ಒಡೆಯರು 1974ರಲ್ಲಿ, ಅವರದ್ದು 2034ರ ಕೊನೆಯವರೆಗೆ ಕಾಯಬೇಕು.

ಎರಡು ಕಡೆ ಜನ ಜಾರುತ್ತಾರೆ. ಕರ್ತೃ ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದರೆ 60 ವರ್ಷದ ಎಣಿಕೆ ಪ್ರಕಟವಾದ ವರ್ಷದಿಂದ. ಇನ್ನೊಂದು, ತ್ಯಾಗರಾಜರ ಕೃತಿ ಹಳೆಯದಾದರೂ ಇತ್ತೀಚೆಗೆ ಒಬ್ಬರು ಕೂತು ಬಿಡಿಸಿ ಬರೆದ ಸ್ವರಲಿಪಿ ಪುಸ್ತಕಕ್ಕೆ ಅವರ ಹಕ್ಕು ಇರುತ್ತದೆ. ಅದನ್ನು ಪುಟಪುಟವಾಗಿ ಫೋಟೋ ತೆಗೆದು ಹಂಚುವುದು ಸೇವೆ ಅಲ್ಲ. ಮನೆತನದ ನೋಟುಬುಕ್ಕಾದರೆ ಕಾನೂನು ಏನೇ ಇರಲಿ, ಮನೆಯವರನ್ನು ಕೇಳದೆ ಹಾಕಬೇಡಿ. ಬಾಗಿಲು ಒಮ್ಮೆ ಮುಚ್ಚಿದರೆ ಆ ಬೀದಿಯ ಬಾಗಿಲೆಲ್ಲ ಮುಚ್ಚುತ್ತವೆ.

ಪಾಶ್ಚಾತ್ಯ ಸಂಗೀತಕ್ಕೆ ಐಎಂಎಸ್‌ಎಲ್‌ಪಿ ಇದೆ. ನಮಗೆ ಯಾಕೆ ಆ ಥರ ಒಂದೇ ಕಡೆ ಇಲ್ಲ?

ಹಕ್ಕು ಮುಗಿದ ಪಾಶ್ಚಾತ್ಯ ಸ್ವರಲಿಪಿಗಳನ್ನು ಪುಕ್ಕಟೆ ಕೊಡುವ ಆ ಜಾಲತಾಣ 2006ರಲ್ಲಿ ಕೆನಡಾದ ಒಬ್ಬ ವಿದ್ಯಾರ್ಥಿ ಶುರು ಮಾಡಿದ್ದು. 1501ರಲ್ಲಿ ವೆನಿಸ್‌ನಲ್ಲಿ ಬಹುಸ್ವರ ಸಂಗೀತ ಅಚ್ಚು ಹಾಕಿದ ಪೆಟ್ರುಚಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. 2007ರಲ್ಲಿ ವಿಯೆನ್ನಾದ ಪ್ರಕಾಶಕರು ನೋಟಿಸ್ ಕೊಟ್ಟು ಮುಚ್ಚಿಸಿದರು. ಆಗ ಕೆನಡಾದಲ್ಲಿ ಹಕ್ಕು 50 ವರ್ಷ, ಯುರೋಪಿನಲ್ಲಿ 70. ಜಗಳ ಅದೇ. ಮರುವರ್ಷ ಮತ್ತೆ ತೆರೆಯಿತು.

ನಮ್ಮ ತೊಡಕು ಬೇರೆ. ಅವರಲ್ಲಿ ಬರೆದಿಟ್ಟದ್ದೇ ಕೃತಿ. ಒಂದು ಪ್ರತಿ ಹಾಕಿದರೆ ಕೆಲಸ ಮುಗಿಯಿತು. ನಮ್ಮಲ್ಲಿ ಒಂದು ಕೃತಿಗೆ ಹತ್ತು ಪಾಠಾಂತರ, ಅವು ತೆಲುಗು, ತಮಿಳು, ಗ್ರಂಥ, ಕನ್ನಡ, ಮಲಯಾಳ ಲಿಪಿಗಳಲ್ಲಿ ಚದುರಿವೆ. ಒಂದೇ ರಾಗಕ್ಕೆ ಎರಡು ಹೆಸರು, ಒಂದೇ ಹೆಸರಿಗೆ ಎರಡು ರಾಗ. ಪಟ್ಟಿ ಮಾಡುವವರ ಪಾಡು ಕೇಳಬೇಡಿ. ನನ್ನ ಕೇಳಿದರೆ ಒಂದೇ ದೊಡ್ಡ ಕಣಜ ಬೇಕಿಲ್ಲ. ಯಾವ ಕೃತಿಯ ಯಾವ ಪಾಠ ಯಾರ ಹತ್ತಿರ ಇದೆ ಅಂತ ಹೇಳುವ ಒಂದು ಒಳ್ಳೆಯ ಪಟ್ಟಿ ಸಾಕು.

ತಾರೀಖೇ ಇಲ್ಲದ ಕೈಬರಹ. ಎಷ್ಟು ಹಳೇದು ಅಂತ ಹೇಗೆ ಗೊತ್ತು ಮಾಡೋದು?

ಪತ್ತೇದಾರಿ ಕೆಲಸ, ನನಗೆ ಇದೇ ಬಹಳ ಇಷ್ಟ. ರಟ್ಟಿನ ಹಿಂದೆ ಬೆಲೆ ನೋಡಿ. ಆಣೆಯಲ್ಲಿದ್ದರೆ 1957ಕ್ಕೆ ಹಿಂದಿನದು ಇರಬಹುದು, ನಯಾ ಪೈಸೆ ಅಂತಿದ್ದರೆ 1957ರಿಂದ 64ರೊಳಗಿನದು. ಮಸಿ ನೋಡಿ. ಅದ್ದಿ ಬರೆಯುವ ನಿಬ್ಬಿನಲ್ಲಿ ಅಕ್ಷರ ದಪ್ಪದಿಂದ ಸಣ್ಣಗಾಗಿ ಮತ್ತೆ ದಪ್ಪ ಆಗುತ್ತದೆ, ಬಾಲ್ ಪೆನ್ನಿನಲ್ಲಿ ಹಾಗಾಗುವುದಿಲ್ಲ.

ಇವೆಲ್ಲ ಹೊರಗಿನ ಗುರುತು. ಒಳಗೆ ಏನು ಬರೆದಿದ್ದಾರೆ ಎನ್ನುವುದೂ ಹೇಳುತ್ತದೆ. ಮೋಹನಕಲ್ಯಾಣಿ ರಾಗದ ‘ಭುವನೇಶ್ವರಿಯ’ ಇದ್ದರೆ ಆ ಪುಟ ಮುತ್ತಯ್ಯ ಭಾಗವತರು ಅದನ್ನು ರಚಿಸುವ ಮೊದಲಿನದಾಗಿರಲು ಸಾಧ್ಯವಿಲ್ಲ. ಆದರೆ ಒಂದು ಪುಸ್ತಕವನ್ನು ಮೂವತ್ತು ವರ್ಷ ಬರೆದಿರುತ್ತಾರೆ. ಹಾಗಾಗಿ ಇಡೀ ಪುಸ್ತಕಕ್ಕೆ ಒಂದು ತಾರೀಖು ಅಂಟಿಸಬೇಡಿ, ಪುಟಕ್ಕೆ ಅಂಟಿಸಿ.

ನಕಲು ಮಾಡ್ತಾ ಇದ್ದಾಗ ತಪ್ಪು ಕಂಡರೆ ತಿದ್ದಬಹುದಾ?

ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ನಿಮಗೆ ಅನ್ನಿಸಿದ್ದನ್ನು ಅಡಿಯಲ್ಲಿ ಬೇರೆ ಬರೆಯಿರಿ, ನಿಮ್ಮ ಹೆಸರು ಹಾಕಿ.

ಹೀಗೆ ಹೇಳುವುದಕ್ಕೆ ನಾನು ಬಹಳ ದಿನ ತೆಗೆದುಕೊಂಡೆ. ಮೊದಮೊದಲು ಒಂದು ಬಿಲಹರಿ ಕೃತಿಯನ್ನು ಹಳೆಯ ಪುಸ್ತಕದಿಂದ ಟೈಪ್ ಮಾಡುತ್ತಿದ್ದೆ. ‘ಪ ದ ನಿ ಪ’ ಅನ್ನುವ ಕಡೆ ನಿ ತಲೆಯ ಮೇಲೆ ಸಣ್ಣ ನಕ್ಷತ್ರದಂಥ ಕಲೆ. ಮಸಿ ಸಿಡಿದಿದೆ ಅಂದುಕೊಂಡೆ. ನಾಲ್ಕು ಕಡೆ ಸಿಡಿದಿತ್ತು, ನಾಲ್ಕೂ ಕಡೆ ಬಿಟ್ಟು ಟೈಪ್ ಮಾಡಿದೆ. ಎರಡು ವರ್ಷದ ಮೇಲೆ ಒಬ್ಬ ಹಿರಿಯ ವಿದುಷಿಗೆ ಓದಿ ಹಾಡಿ ತೋರಿಸಿದೆ. ಅವರು ಅದೇ ಜಾಗದಲ್ಲಿ ತಡೆದು, “ಇಲ್ಲಿ ಕೈಶಿಕಿ ನಿಷಾದ ಕಣಪ್ಪ, ಮಾಮೂಲಿ ನಿಗಿಂತ ಕೆಳಗಿನದು, ಬಿಲಹರಿಯ ಜೀವ ಅದು. ಗುರುತು ಹಾಕಿರಲಿಲ್ವಾ?” ಅಂದರು.

ಮನೆಗೆ ಬಂದು ಮೂಲ ತೆಗೆದು ನೋಡಿದೆ. ನಾಲ್ಕೂ ನಕ್ಷತ್ರ, ಒಂದೊಂದಕ್ಕೂ ಐದೈದು ಮೂಲೆ, ನೀಟಾಗಿ ಕೂತಿದ್ದವು.